ಮೊದಲ ಸಂಬಳ, ಅಪ್ಪನ ಕೈಸಾಲ, ನನ್ನ ಆಸೆ: ಯಾವುದಕ್ಕೆ ಎಷ್ಟು?

ಪ್ರಶ್ನೆ: ನನಗೆ 23 ವರ್ಷ, ಅರಸೀಕೆರೆ ತಾಲ್ಲೂಕಿನ ಹಳ್ಳಿಯವಳು. ಎಂಜಿನಿಯರಿಂಗ್ ಮುಗಿಸಿ ಮೂರು ತಿಂಗಳ ಹಿಂದೆ ಬೆಂಗಳೂರಿನ ಕಂಪನಿಯೊಂದಕ್ಕೆ ಸೇರಿದ್ದೇನೆ. ಆರು ತಿಂಗಳು ಪ್ರೊಬೇಷನ್. ವರ್ಷಕ್ಕೆ 4.8 ಲಕ್ಷ ಎಂದಿದ್ದರು, ಖಾತೆಗೆ ಬರುತ್ತಿರುವುದು ತಿಂಗಳಿಗೆ 30,738 ರೂಪಾಯಿ. ಅಪ್ಪ 15 ಸಾವಿರ ಕಳಿಸು ಎನ್ನುತ್ತಾರೆ. ತೆಂಗಿನ ತೋಟದಲ್ಲಿ ಕೊಳವೆಬಾವಿ ಕೊರೆಸಲು ಊರಿನವರೊಬ್ಬರಿಂದ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತಂದ 1 ಲಕ್ಷ ಹಾಗೇ ನಿಂತಿದೆ. ನನ್ನ ಓದಿನ ಸಾಲ 3 ಲಕ್ಷ, ಕಂತು ಇನ್ನೂ ಶುರುವಾಗಿಲ್ಲ. ಅಮ್ಮ ಪಕ್ಕದ ಬೀದಿಯವರ ಚೀಟಿಗೆ ಸೇರು ಎನ್ನುತ್ತಾರೆ. ದೊಡ್ಡಪ್ಪನ ಮಗ ವರ್ಷಕ್ಕೆ 60 ಸಾವಿರ ಕಂತಿನ ಪಾಲಿಸಿಯ ಅರ್ಜಿ ತಂದಿಟ್ಟಿದ್ದಾರೆ. ಆಫೀಸಿನಲ್ಲಿ ನೋಡಿದರೆ ಎಲ್ಲರ ಕೈಯಲ್ಲೂ 70 ಸಾವಿರದ ಫೋನು. ಇಎಂಐನಲ್ಲಿ ತಗೋ ಅನ್ನುತ್ತಾರೆ. ನನಗೂ ಆಸೆ ಇದೆ. ಆಸೆಪಟ್ಟರೆ ಸ್ವಾರ್ಥಿ ಅನ್ನಿಸುತ್ತದೆ. ಎಲ್ಲ ಮನೆಗೇ ಕೊಟ್ಟರೆ ದುಡಿದಿದ್ದು ಯಾಕೆ ಅನ್ನಿಸುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಕಡೆಯವರು ನಾಲ್ಕು ದಿಕ್ಕಿಗೆ ಎಳೆಯುತ್ತಿದ್ದಾರೆ. ಅಪ್ಪನ ಮಾತನ್ನು ಬಿಟ್ಟರೆ ಉಳಿದ ಮೂರೂ, ಅಂದರೆ ಫೋನು, ಪಾಲಿಸಿ, ಚೀಟಿ, ನಿಮ್ಮಿಂದ ಕೇಳುತ್ತಿರುವುದು ಒಂದೇ: ಮುಂದೆ ಬರುವ ಸಂಬಳವನ್ನು ಇಂದೇ ಬರೆದುಕೊಡಿ ಎಂದು. ಫೋನಿಗೆ ಒಂದು ವರ್ಷ, ಚೀಟಿಗೆ ಇಪ್ಪತ್ತು ತಿಂಗಳು, ಪಾಲಿಸಿಗೆ ಇಪ್ಪತ್ತು ವರ್ಷ. ಕೆಲಸ ಕಾಯಂ ಆಗಲು ಇನ್ನೂ ಮೂರು ತಿಂಗಳಿದೆ. ಹಾಗಾಗಿ ನನ್ನ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ. ಕಾಯಂ ಆದೇಶ ಕೈಗೆ ಬರುವ ತನಕ ಯಾವ ಹೊಸ ಕಂತಿಗೂ ಸಹಿ ಹಾಕಬೇಡಿ. ಈಗಾಗಲೇ ತಲೆಯ ಮೇಲಿರುವ ಸಾಲಗಳಲ್ಲಿ ಬಡ್ಡಿ ಯಾವುದಕ್ಕೆ ಜಾಸ್ತಿಯೋ ಅದನ್ನು ಮೊದಲು ಮುಗಿಸಿ. ನಿಮ್ಮ ಮನೆಯ ಲೆಕ್ಕದಲ್ಲಿ ಅದು ಅಪ್ಪನ ಕೈಸಾಲ.

ಮೊದಲು 4.8 ಲಕ್ಷ 30,738 ಆದದ್ದು ಹೇಗೆ ಎಂದು ತಿಳಿದುಕೊಳ್ಳಿ. ಅಪ್ಪನ ಜೊತೆ ಮಾತಾಡಬೇಕಾದರೆ ಈ ಲೆಕ್ಕ ನಿಮಗೆ ಬಾಯಿಪಾಠ ಇರಬೇಕು. 4.8 ಲಕ್ಷವನ್ನು 12ರಿಂದ ಭಾಗಿಸಿದರೆ 40,000. ಊರಿನಲ್ಲಿ ಎಲ್ಲರೂ ಹೇಳುತ್ತಿರುವುದು ಈ ಅಂಕಿಯನ್ನೇ. ಆದರೆ ಆ 4.8 ಲಕ್ಷ ನಿಮ್ಮ ಸಿಟಿಸಿ. ಸಿಟಿಸಿ ಎಂದರೆ ಕಂಪನಿಗೆ ನಿಮ್ಮಿಂದ ಬೀಳುವ ಒಟ್ಟು ಖರ್ಚು, ನಿಮ್ಮ ಕೈಗೆ ಬರುವ ಹಣ ಅಲ್ಲ. ಮೂಲ ವೇತನ 20,000 ಇರುವ ಒಂದು ಮಾದರಿ ಹೀಗಿರುತ್ತದೆ. 40,000ದಲ್ಲಿ ಕಂಪನಿಯ ಪಾಲಿನ ಪಿಎಫ್ (ಭವಿಷ್ಯ ನಿಧಿ) 1,800, ಗ್ರಾಚ್ಯುಯಿಟಿಗೆಂದು (ಕೆಲಸ ಬಿಡುವಾಗ ಸೇವೆಯ ವರ್ಷ ನೋಡಿ ಕೊಡುವ ಹಣ) ಮೂಲ ವೇತನದ ಶೇ 4.81, ಅಂದರೆ 962, ಗುಂಪು ಆರೋಗ್ಯ ವಿಮೆಗೆ 500, ವರ್ಷದ ಕೊನೆಗೆ ಕೆಲಸ ನೋಡಿ ಕೊಡುವ ವೇರಿಯಬಲ್ ಪೇ 4,000. ಇವೆಲ್ಲ ಪೇಸ್ಲಿಪ್ಪಿನ ಒಳಗೆ ಬರುವ ಮೊದಲೇ ಕಳೆದುಹೋಗುತ್ತವೆ. ಉಳಿದದ್ದು 32,738. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200. ಕೈಗೆ 30,738. ನಿಮ್ಮ ಪೇಸ್ಲಿಪ್ಪಿನಲ್ಲಿ ಬಾಬತ್ತುಗಳು ಸ್ವಲ್ಪ ಆಚೀಚೆ ಇರಬಹುದು. ಆಫರ್ ಲೆಟರಿನ ಕೊನೆಯ ಪುಟದ ಪಟ್ಟಿಯನ್ನು ಪಕ್ಕದಲ್ಲಿಟ್ಟು ಒಂದೊಂದೇ ಸಾಲು ತಾಳೆ ನೋಡಿ. ಫೆಬ್ರುವರಿಯಲ್ಲಿ ವೃತ್ತಿ ತೆರಿಗೆ 300 ಕಡಿತವಾದರೆ ಗಾಬರಿಯಾಗಬೇಡಿ, ರಾಜ್ಯದ ನಿಯಮವೇ ಹಾಗಿದೆ. ವೇರಿಯಬಲ್ ಹಣವನ್ನು ಮಾತ್ರ ಖಾತೆಗೆ ಬೀಳುವ ದಿನದ ತನಕ ಲೆಕ್ಕಕ್ಕೇ ಸೇರಿಸಬೇಡಿ. ಕಂಪನಿಗೆ ವರ್ಷ ಚೆನ್ನಾಗಿಲ್ಲದಿದ್ದರೆ ಮೊದಲು ಕತ್ತರಿ ಬೀಳುವುದು ಅದಕ್ಕೇ.

ಪಿಎಫ್ ಕಡಿತ ನೋಡಿ ಹೊಸಬರು ಬೇಸರಪಡುತ್ತಾರೆ. ಬೇಸರ ಬೇಡ. ನಿಮ್ಮ 1,800 ಪೂರ್ತಿ ನಿಮ್ಮ ಪಿಎಫ್ ಖಾತೆಗೆ ಹೋಗುತ್ತದೆ. ಮೂಲ ವೇತನ 15,000 ಮೀರಿದ್ದು ಮೊದಲ ಸಲ ಪಿಎಫ್‌ಗೆ ಸೇರುವವರಿಗೆ ಪಿಂಚಣಿ ಯೋಜನೆ ಇಲ್ಲ, ಹಾಗಾಗಿ ಕಂಪನಿಯ 1,800 ಕೂಡ ನಿಮ್ಮ ಖಾತೆಗೇ. ಒಟ್ಟು ತಿಂಗಳಿಗೆ 3,600. 2024–25ರ ಬಡ್ಡಿ ದರ ಶೇ 8.25. ಅದೇ ದರ ಮುಂದುವರಿದರೆ ಐದು ವರ್ಷಕ್ಕೆ ಸುಮಾರು 2.6 ಲಕ್ಷ ಆಗುತ್ತದೆ. ಈ ವಾರವೇ ಮಾಡಬೇಕಾದ ಕೆಲಸ ಎರಡು. ಯುಎಎನ್ (ನಿಮ್ಮ ಪಿಎಫ್ ಗುರುತಿನ) ಸಂಖ್ಯೆ ಚಾಲೂ ಮಾಡಿ, ಆಧಾರ್‌ನಲ್ಲಿರುವ ಹೆಸರು, ಹುಟ್ಟಿದ ದಿನಾಂಕ ಪಿಎಫ್ ದಾಖಲೆಯಲ್ಲೂ ಅಕ್ಷರಶಃ ಹಾಗೇ ಇದೆಯೇ ನೋಡಿ. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದರೂ ಹಣ ತೆಗೆಯುವಾಗ ಅರ್ಜಿ ತಿರಸ್ಕಾರವಾಗಬಹುದು. ಆಮೇಲೆ ಇ–ನಾಮಿನೇಷನ್‌ನಲ್ಲಿ ಅಮ್ಮನ ಹೆಸರನ್ನೋ ಅಪ್ಪನ ಹೆಸರನ್ನೋ ಸೇರಿಸಿ. ಪಿಎಫ್ ಸದಸ್ಯರಿಗೆ ಗರಿಷ್ಠ 7 ಲಕ್ಷದವರೆಗೆ ಜೀವ ವಿಮೆ ಇದೆ, ಅದಕ್ಕೆ ನಿಮ್ಮ ಸಂಬಳದಿಂದ ಒಂದು ರೂಪಾಯಿಯೂ ಕಡಿತವಿಲ್ಲ. ಮುಂದೆ ಕೆಲಸ ಬದಲಿಸಿದರೆ ಪಿಎಫ್ ಹಣ ತೆಗೆಯದೆ ಹೊಸ ಕಂಪನಿಯ ಖಾತೆಗೆ ವರ್ಗಾಯಿಸಿಕೊಳ್ಳಿ. ಐದು ವರ್ಷದ ಸತತ ಸೇವೆ ಆಗುವ ಮೊದಲು ತೆಗೆದರೆ ಆ ಹಣ ತೆರಿಗೆಯ ಲೆಕ್ಕಕ್ಕೆ ಬರುತ್ತದೆ.

ಈಗ ಅಪ್ಪನ ವಿಷಯ. ಅವರು 15 ಸಾವಿರ ಕೇಳಿದ್ದು ನಿಮಗೆ 40 ಸಾವಿರ ಬರುತ್ತಿದೆ ಎಂದುಕೊಂಡು ಇರಬಹುದು. ಸಂಬಳದ ನಿಜವಾದ ಅಂಕಿಯನ್ನು ಮನೆಯಲ್ಲಿ ಬಿಚ್ಚಿ ಹೇಳದಿರುವುದರಿಂದಲೇ ಎಷ್ಟೋ ಮನೆಗಳಲ್ಲಿ ಮೊದಲ ವರ್ಷದ ಮನಸ್ತಾಪ ಹುಟ್ಟುತ್ತದೆ. ಮಗಳು ಬಚ್ಚಿಡುತ್ತಿದ್ದಾಳೆ ಎಂದು ಅವರಿಗೆ, ನನ್ನನ್ನು ಹಿಂಡುತ್ತಿದ್ದಾರೆ ಎಂದು ಇವಳಿಗೆ. ಫೋನಿನಲ್ಲಿ ಈ ಮಾತು ಸರಿಯಾಗಿ ಆಗುವುದಿಲ್ಲ. ಊರಿಗೆ ಹೋದಾಗ ಪೇಸ್ಲಿಪ್ ಪ್ರಿಂಟ್ ತೆಗೆದುಕೊಂಡು ಹೋಗಿ, ಊಟವಾದ ಮೇಲೆ ಅಪ್ಪ, ಅಮ್ಮ ಇಬ್ಬರನ್ನೂ ಕೂರಿಸಿಕೊಂಡು ಸಾಲುಸಾಲಾಗಿ ಓದಿ ಹೇಳಿ. ಆಮೇಲೆ ಅವರ ಕಡೆಯ ಲೆಕ್ಕ ಕೇಳಿ: ಯಾರಿಗೆ ಎಷ್ಟು ಕೊಡಬೇಕು, ಬಡ್ಡಿ ಎಷ್ಟು, ಬರೆದುಕೊಟ್ಟಿರುವುದು ಏನು. ಮಕ್ಕಳ ಮುಂದೆ ಸಾಲದ ವಿಷಯ ಎತ್ತಲು ಅಪ್ಪಂದಿರಿಗೆ ಸಂಕೋಚವಿರುತ್ತದೆ. ‘ತೀರಿಸೋದಕ್ಕೆ ಕೇಳ್ತಾ ಇದೀನಿ ಅಪ್ಪ’ ಎಂದು ಒಂದು ಮಾತು ಹೇಳಿ ಶುರು ಮಾಡಿ.

ನೂರಕ್ಕೆ ಮೂರು ರೂಪಾಯಿ ಎಂದಾಗ ಕಿವಿಗೆ ಸಣ್ಣದಾಗಿ ಕೇಳುತ್ತದೆ. ಅದು ತಿಂಗಳ ಬಡ್ಡಿ. ವರ್ಷಕ್ಕೆ ಶೇ 36. ಒಂದು ಲಕ್ಷಕ್ಕೆ ತಿಂಗಳಿಗೆ 3,000, ವರ್ಷಕ್ಕೆ 36,000. ಅಷ್ಟು ಕಟ್ಟಿದರೂ ಅಸಲು ಒಂದು ಲಕ್ಷವೂ ಅಲ್ಲಾಡುವುದಿಲ್ಲ. ಮೂರು ವರ್ಷ ಹೀಗೇ ಬಡ್ಡಿ ಕಟ್ಟಿದರೆ 1.08 ಲಕ್ಷ ಕೊಟ್ಟೂ ಒಂದು ಲಕ್ಷದ ಸಾಲಗಾರರಾಗಿಯೇ ಇರುತ್ತೀರಿ. ಇಂಥ ಸಾಲ ಮನೆಯಲ್ಲಿರುವಾಗ ನೀವು ಇಲ್ಲಿ ಶೇ 7ರ ಉಳಿತಾಯ ಮಾಡುವುದರಲ್ಲಿ ಅರ್ಥವಿಲ್ಲ. ಶೇ 36ರ ಸಾಲ ತೀರಿಸುವುದೆಂದರೆ ಶೇ 36 ಲಾಭದ ಹೂಡಿಕೆ ಮಾಡಿದ ಹಾಗೆಯೇ, ಅದೂ ಅನುಮಾನವಿಲ್ಲದ ಲಾಭ.

ಇದನ್ನು ತೀರಿಸಲು ಎರಡು ದಾರಿಗಳಿವೆ. ನೀವು ತಿಂಗಳಿಗೆ 10,000 ನೇರವಾಗಿ ಸಾಲ ಕೊಟ್ಟವರಿಗೆ ಕಟ್ಟುತ್ತಾ ಹೋದರೆ, ಮೊದಲ ತಿಂಗಳು 3,000 ಬಡ್ಡಿಗೆ, 7,000 ಅಸಲಿಗೆ ಹೋಗಿ, ಸುಮಾರು 12 ತಿಂಗಳಲ್ಲಿ ಮುಗಿಯುತ್ತದೆ. ಒಟ್ಟು ಬಡ್ಡಿ ಸುಮಾರು 20,700. ಆದರೆ ಊರಿನ ಕೈಸಾಲದಲ್ಲಿ ಒಂದು ತೊಡಕಿದೆ. ಬಿಡಿಬಿಡಿಯಾಗಿ ಕೊಟ್ಟ ಅಸಲನ್ನು ಎಷ್ಟೋ ಜನ ಜಮಾ ಮಾಡಿಕೊಳ್ಳುವುದಿಲ್ಲ, ‘ಒಟ್ಟಿಗೆ ತಂದುಕೊಡಿ’ ಎನ್ನುತ್ತಾರೆ. ಆಗ ನೀವು ಕಳಿಸಿದ ಹಣ ಮನೆಯಲ್ಲಿ ಕೂಡಿರಬೇಕು. ಕೂಡಿರುವುದಿಲ್ಲ. ತಂಗಿಯ ಫೀಸು, ಯಾರದೋ ಮದುವೆ, ಪಂಪಿನ ಮೋಟಾರು ರಿವೈಂಡಿಂಗ್ ಎಂದು ಕರಗಿಹೋಗುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಹೆಸರಿಡದ ಹಣ ಮನೆಯಲ್ಲಿ ನಿಲ್ಲುವುದಿಲ್ಲ.

ಎರಡನೆಯ ದಾರಿ, ಅಮ್ಮ ಮನಸ್ಸಿನಿಂದ ಒಪ್ಪಿದರೆ ಮಾತ್ರ: ಅವರ ಆಭರಣದ ಮೇಲೆ ಬ್ಯಾಂಕಿನಲ್ಲಿಯೋ ನಿಮ್ಮ ಊರಿನ ಸಹಕಾರ ಸಂಘದಲ್ಲಿಯೋ 1 ಲಕ್ಷ ಚಿನ್ನದ ಸಾಲ ತೆಗೆದು ಕೈಸಾಲವನ್ನು ಒಂದೇ ದಿನ ಚುಕ್ತಾ ಮಾಡುವುದು. ಬ್ಯಾಂಕಿನ ದರ ಶೇ 9ರ ಆಸುಪಾಸು ಎಂದಿಟ್ಟುಕೊಂಡರೆ, ತಿಂಗಳಿಗೆ 10,000ದಂತೆ ಹನ್ನೊಂದನೆಯ ತಿಂಗಳಿಗೆ ಮುಗಿಯುತ್ತದೆ, ಬಡ್ಡಿ ಸುಮಾರು 4,300. ಮೊದಲ ದಾರಿಗಿಂತ 16 ಸಾವಿರ ಉಳಿಯಿತು. ಅಪ್ಪನ ಹೆಸರಿನಲ್ಲಿ ಪಹಣಿ ಇದ್ದರೆ ಕೃಷಿ ಚಿನ್ನದ ಸಾಲ ಎಂದು ಕೇಳಿ, ಸಾಮಾನ್ಯವಾಗಿ ದರ ಇನ್ನಷ್ಟು ಕಡಿಮೆ ಇರುತ್ತದೆ. ಹೋಗುವ ಮೊದಲು ತಿಳಿದಿರಲಿ: ಆಭರಣದ ತೂಕದಲ್ಲಿ ಕಲ್ಲು, ಅರಗು ಕಳೆದೇ ಲೆಕ್ಕ ಹಾಕುತ್ತಾರೆ, ಮೌಲ್ಯಮಾಪಕರ ಶುಲ್ಕ ಬೇರೆ ಇರುತ್ತದೆ, ರಸೀದಿಯಲ್ಲಿ ಪ್ರತಿ ಒಡವೆಯ ಹೆಸರು, ಒಟ್ಟು ತೂಕ, ನಿವ್ವಳ ತೂಕ ಬರೆಸಿಕೊಳ್ಳಿ, ಅವಧಿ ಮುಗಿಯುವ ದಿನಾಂಕ ನಿಮ್ಮ ಫೋನಿನಲ್ಲಿರಲಿ. ಅವಧಿ ಮೀರಿ ಸುಮ್ಮನಿದ್ದರೆ ಒಡವೆ ಹರಾಜಿಗೆ ಹೋಗುತ್ತದೆ. ಪ್ರತಿ ತಿಂಗಳ ಹಣವನ್ನು ಅಪ್ಪನಿಗೆ ಕಳಿಸದೆ ನೀವೇ ಆ ಸಾಲದ ಖಾತೆ ಸಂಖ್ಯೆಗೆ ಹಾಕಿ. ಫೈನಾನ್ಸ್ ಕಂಪನಿಗಳ ಗಿರವಿ ಸಾಲದಲ್ಲಿ ಬಡ್ಡಿ ಎಷ್ಟೋ ಪಾಲು ಹೆಚ್ಚಿರಬಹುದು, ‘ತಿಂಗಳಿಗೆ ಒಂದೇ ರೂಪಾಯಿ’ ಎಂಬ ಬೋರ್ಡು ನೋಡಿ ಹೋಗಬೇಡಿ. ತಡವಾದರೆ ದರ ಏರುತ್ತದೆಯೇ ಎಂದು ಕೇಳಿ.

ಕೈಸಾಲ ಚುಕ್ತಾ ಮಾಡುವ ದಿನ ಅಪ್ಪನ ಜೊತೆ ನೀವೂ ಹೋಗಿ. ಸಾಧ್ಯವಾದರೆ ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ. ಅಪ್ಪ ಸಹಿ ಹಾಕಿಕೊಟ್ಟ ಪ್ರೋನೋಟು, ಛಾಪಾ ಕಾಗದ, ಖಾಲಿ ಚೆಕ್ಕು ಏನೇ ಇದ್ದರೂ ಅಲ್ಲೇ ವಾಪಸು ಪಡೆದು, ‘ಅಸಲು ಬಡ್ಡಿ ಪೂರ್ತಿ ಸಂದಾಯವಾಗಿದೆ’ ಎಂದು ದಿನಾಂಕ ಹಾಕಿಸಿ ಸಹಿ ತೆಗೆದುಕೊಳ್ಳಿ. ‘ನಾಳೆ ಹುಡುಕಿ ಕೊಡ್ತೀನಿ’ ಎಂದು ಬಿಟ್ಟ ಖಾಲಿ ಚೆಕ್ಕು ಮುಂದೆ ಕೋರ್ಟಿಗೆ ಬಂದ ಉದಾಹರಣೆಗಳು ಬಹಳ. ಮಿತಿಮೀರಿದ ಬಡ್ಡಿ ನಿಷೇಧಿಸುವ ಕಾನೂನು ರಾಜ್ಯದಲ್ಲಿ 2004ರಿಂದಲೇ ಇದೆ. ಆದರೆ ನಿಮ್ಮದು ದಬ್ಬಾಳಿಕೆಯ ಪ್ರಕರಣವೆಂದು ಪತ್ರದಲ್ಲಿ ಕಾಣುವುದಿಲ್ಲ. ಕಷ್ಟದಲ್ಲಿ ಹಣ ಕೊಟ್ಟವರ ಜೊತೆ ಮಾತು ಕೆಡಿಸಿಕೊಳ್ಳದೆ ಮುಗಿಸುವುದೇ ಮೇಲು.

ಅಪ್ಪನಿಗೆ ಸೊಸೈಟಿಯಲ್ಲಿ ಬೆಳೆಸಾಲ ಇದೆಯೇ ಎಂದೂ ಕೇಳಿ. ಸಹಕಾರ ಸಂಘಗಳ ಅಲ್ಪಾವಧಿ ಬೆಳೆಸಾಲಕ್ಕೆ ರಾಜ್ಯದಲ್ಲಿ 2023–24ರಿಂದ 5 ಲಕ್ಷದವರೆಗೆ ಬಡ್ಡಿ ಇಲ್ಲ. ಆದರೆ ಗಡುವಿನೊಳಗೆ ಕಟ್ಟಿದರೆ ಮಾತ್ರ. ಕೊಬ್ಬರಿ ಮಾರಾಟ ತಡವಾಗಿ ಗಡುವಿನ ವಾರದಲ್ಲಿ ಕೈ ಖಾಲಿಯಿದ್ದರೆ ರೈತರು ಮತ್ತೆ ಮೂರು ರೂಪಾಯಿ ಬಡ್ಡಿಯ ಬಾಗಿಲಿಗೆ ಹೋಗುವುದು ಆಗಲೇ. ಆ ಗಡುವಿನ ದಿನಾಂಕ ನಿಮಗೆ ಗೊತ್ತಿದ್ದು, ಆ ಒಂದು ತಿಂಗಳು ನೀವು ಕೈಹಿಡಿದರೆ ಪ್ರತಿ ತಿಂಗಳು ಲೆಕ್ಕವಿಲ್ಲದೆ ಕಳಿಸುವುದಕ್ಕಿಂತ ಹೆಚ್ಚು ಉಪಕಾರವಾಗುತ್ತದೆ.

ಓದಿನ ಸಾಲಕ್ಕೆ ಬರೋಣ. ಸಾಮಾನ್ಯವಾಗಿ ಓದು ಮುಗಿದ ಒಂದು ವರ್ಷದ ತನಕ ಕಂತು ಇರುವುದಿಲ್ಲ, ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. ಶೇ 10 ಎಂದುಕೊಂಡರೆ 3 ಲಕ್ಷಕ್ಕೆ ತಿಂಗಳಿಗೆ 2,500. ಇದನ್ನು ಈಗಲೇ ತಿಂಗಳು ತಿಂಗಳು ಕಟ್ಟಿಬಿಡಿ. ಕಟ್ಟದಿದ್ದರೆ ಕಂತು ಶುರುವಾಗುವ ದಿನ ಅದು ಅಸಲಿಗೆ ಸೇರಿಕೊಳ್ಳುತ್ತದೆ. ವಿನಾಯಿತಿ ಅವಧಿಯಲ್ಲಿ ಬಡ್ಡಿ ಕಟ್ಟುವವರಿಗೆ ಕೆಲವು ಬ್ಯಾಂಕುಗಳು ದರದಲ್ಲಿ ಶೇ 1ರವರೆಗೆ ರಿಯಾಯಿತಿ ಕೊಡುತ್ತವೆ. ಶಾಖೆಗೆ ಹೋಗಿ ಬರವಣಿಗೆಯಲ್ಲಿ ಕೇಳಿ. ಏಳು ವರ್ಷದ ಅವಧಿಗೆ ಕಂತು ಸುಮಾರು 4,980 ಬರುತ್ತದೆ. ಮುಂದೆ ಪ್ರತಿ ತಿಂಗಳು 2,000 ಹೆಚ್ಚಿಗೆ ಕಟ್ಟಿದರೆ 84 ತಿಂಗಳ ಸಾಲ 54 ತಿಂಗಳಿಗೆ ಮುಗಿದು, ಬಡ್ಡಿಯಲ್ಲಿ ಸುಮಾರು 45 ಸಾವಿರ ಉಳಿಯುತ್ತದೆ. ಬದಲಾಗುವ ಬಡ್ಡಿ ದರದ ಸಾಲವಾದರೆ ಮುಂಚಿತ ಪಾವತಿಗೆ ದಂಡವಿಲ್ಲ. ಇನ್ನೊಂದು ಮಾತು ನೆನಪಿಡಿ. ಈ ಸಾಲಕ್ಕೆ ಸಾಮಾನ್ಯವಾಗಿ ಅಪ್ಪ ಸಹ–ಸಾಲಗಾರರಾಗಿರುತ್ತಾರೆ. ನೀವು ಎರಡು ಕಂತು ತಪ್ಪಿಸಿದರೆ ಅವರ ಸಿಬಿಲ್ ಅಂಕವೂ (ಸಾಲ ಸರಿಯಾಗಿ ಕಟ್ಟಿದ್ದಾರೆಯೇ ಎಂದು ಬ್ಯಾಂಕುಗಳು ನೋಡುವ ಅಂಕ) ಇಳಿಯುತ್ತದೆ, ಮುಂದಿನ ವರ್ಷ ಟ್ರ್ಯಾಕ್ಟರಿಗೋ ಹಸುವಿಗೋ ಸಾಲ ಕೇಳಿದಾಗ ಬ್ಯಾಂಕಿನವರು ಅದನ್ನೇ ತೋರಿಸುತ್ತಾರೆ. ಮನೆಗೆ ಹಣ ಕಳಿಸಲೆಂದು ಓದಿನ ಸಾಲದ ಕಂತು ಬಿಡುವುದು ಅಪ್ಪನಿಗೇ ತೊಂದರೆ ಮಾಡಿದ ಹಾಗೆ.

ಇಷ್ಟನ್ನೂ 30,738ರೊಳಗೆ ಕೂರಿಸೋಣ. ಬೆಳಿಗ್ಗೆ, ರಾತ್ರಿ ಊಟ ಸೇರಿ ಪಿಜಿಗೆ 8,500 ಎಂದಿಟ್ಟುಕೊಳ್ಳಿ. ಮಧ್ಯಾಹ್ನದ ಊಟ, ಮೊಬೈಲ್ ರೀಚಾರ್ಜು, ಸೋಪು, ಔಷಧಿ, ಬಟ್ಟೆ ಎಲ್ಲ ಸೇರಿ 5,000. ಮನೆಯ ಸಾಲಕ್ಕೆ 10,000. ಓದಿನ ಸಾಲದ ಬಡ್ಡಿ 2,500. ಆಪತ್ತಿನ ಹಣ 3,000. ಒಟ್ಟು 29,000. ಓಡಾಟದ ಖರ್ಚು ಬರೆದಿಲ್ಲ ಎಂದು ನಿಮಗೆ ಅನ್ನಿಸಬಹುದು; ಆಧಾರ್‌ನಲ್ಲಿ ಕರ್ನಾಟಕದ ವಿಳಾಸವಿದ್ದರೆ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸಿಗೂ ಊರಿಗೆ ಹೋಗುವ ವೇಗದೂತ ಬಸ್ಸಿಗೂ ನಿಮಗೆ ಟಿಕೆಟ್ ಹಣ ಇಲ್ಲ. ಆಟೋ, ಕ್ಯಾಬ್ ಅಭ್ಯಾಸವಾಗುವ ಮೊದಲು ಆಫೀಸಿನ ದಾರಿಯ ಬಸ್ ನಂಬರು ಗೊತ್ತುಮಾಡಿಕೊಳ್ಳಿ. ಉಳಿಯಿತು 1,738. ಅದು ನಿಮ್ಮದು. ಸಿನಿಮಾಕ್ಕೆ ಹೋಗಿ, ಗೆಳತಿಯರ ಜೊತೆ ಊಟ ಮಾಡಿ, ಚಪ್ಪಲಿ ತಗೊಳ್ಳಿ. ಯಾರಿಗೂ ಲೆಕ್ಕ ಕೊಡಬೇಕಿಲ್ಲ, ನಿಮಗೆ ನೀವೂ ಕೊಡಬೇಕಿಲ್ಲ. ಸ್ವಾರ್ಥ ಎಂದಿದ್ದೀರಲ್ಲ, ಸಂಬಳದ ಮೂರನೇ ಒಂದು ಪಾಲನ್ನು ಮನೆಯ ಸಾಲಕ್ಕೆ ಕಟ್ಟುತ್ತಿರುವ ಹುಡುಗಿ ಉಳಿದ ಸಾವಿರದ ಏಳುನೂರಕ್ಕೆ ಕುಗ್ಗಬೇಕಾಗಿಲ್ಲ. ಪೂರ್ತಿ ಬಾಯಿ ಕಟ್ಟಿಕೊಂಡು ಇದ್ದವರು ಆರನೇ ತಿಂಗಳಲ್ಲಿ ಕಟ್ಟೊಡೆದು ಒಮ್ಮೆಗೇ 40 ಸಾವಿರ ಖರ್ಚು ಮಾಡುವುದುಂಟು. ಅದಕ್ಕೇ ಈ ಪಾಲು ಪಟ್ಟಿಯಲ್ಲಿ ಇರಲೇಬೇಕು.

ಆಪತ್ತಿನ 3,000ವನ್ನು ಸಂಬಳ ಬಂದ ಮೂರನೇ ದಿನ ತಾನಾಗಿ ಕಡಿತವಾಗುವಂತೆ 12 ತಿಂಗಳ ಆರ್‌ಡಿಗೆ (ತಿಂಗಳು ತಿಂಗಳು ಕಟ್ಟುವ ಬ್ಯಾಂಕ್ ಠೇವಣಿ) ಹಾಕಿ. ಪಿಜಿ ಮತ್ತು ಊಟದ ಮೂರು ತಿಂಗಳ ಖರ್ಚು, ಅಂದರೆ ಸುಮಾರು 40 ಸಾವಿರ, ಮೊದಲ ಗುರಿ. ಕೆಲಸ ಹೋದರೆ ಮುಂದಿನದು ಸಿಗುವ ತನಕ ಬೆಂಗಳೂರಿನಲ್ಲಿ ಉಳಿಯಲು ಬೇಕಾಗುವುದು ಇಷ್ಟು. ಸಂಬಳದ ಖಾತೆಯ ಎಟಿಎಂ ಪಿನ್, ಯುಪಿಐ ಪಿನ್ ಮನೆಯವರೂ ಸೇರಿದಂತೆ ಯಾರಿಗೂ ಕೊಡಬೇಡಿ. ಮನೆಗೆ ಕೊಡುವುದನ್ನು ನೀವೇ ಕೊಡಿ. ಖಾತೆ ನಿಮ್ಮ ಹಿಡಿತದಲ್ಲಿರಲಿ, ಮದುವೆಯ ನಂತರವೂ.

ಫೋನಿನ ಆಸೆಯನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಈಗ ಬೇಡ ಎನ್ನುತ್ತೇನೆ. 72,000 ರೂಪಾಯಿಯ ಫೋನನ್ನು 12 ತಿಂಗಳ ‘ನೋ ಕಾಸ್ಟ್ ಇಎಂಐ’ನಲ್ಲಿ ತೆಗೆದುಕೊಂಡರೆ ತಿಂಗಳಿಗೆ 6,000. ಬಡ್ಡಿ ಇಲ್ಲ ಎನ್ನುತ್ತಾರೆ. ಒಳಗಿನ ಲೆಕ್ಕ ಬೇರೆ. ಶೇ 15ರ ಬಡ್ಡಿಯಾದರೆ ಬ್ಯಾಂಕು ಸಾಲವೆಂದು ಬರೆದುಕೊಳ್ಳುವುದು ಸುಮಾರು 66,476. ಉಳಿದ 5,524 ಬಡ್ಡಿ. ಅಷ್ಟನ್ನು ಬೆಲೆಯಲ್ಲಿ ರಿಯಾಯಿತಿ ಎಂದು ತೋರಿಸಿರುತ್ತಾರೆ. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, ಸುಮಾರು 994, ನಿಮ್ಮ ಬಿಲ್ಲಿಗೇ ಬರುತ್ತದೆ. ಸಂಸ್ಕರಣಾ ಶುಲ್ಕ 199 ಇದ್ದರೆ ತೆರಿಗೆ ಸೇರಿ 235. ಪೂರ್ತಿ ಹಣ ಕೊಟ್ಟವರಿಗೆ ಸಿಗುವ ರಿಯಾಯಿತಿಯೂ ಎಷ್ಟೋ ಸಲ ನಿಮಗೆ ಸಿಗುವುದಿಲ್ಲ. ಈ ಸಾವಿರ ಚಿಲ್ಲರೆ ದೊಡ್ಡ ನಷ್ಟ ಅಲ್ಲ. ತೊಂದರೆ ಇರುವುದು ಪ್ರೊಬೇಷನ್ನಿನಲ್ಲಿ. ಕೆಲಸ ಕಾಯಂ ಆಗದಿದ್ದರೆ ತಿಂಗಳಿಗೆ ಆರು ಸಾವಿರದ ಕಂತು ಕ್ರೆಡಿಟ್ ಕಾರ್ಡಿನ ಮೇಲೆ ನಿಲ್ಲುತ್ತದೆ.

ಕಾರ್ಡಿನ ಬಾಕಿ ಹೇಗೆ ಬೆಳೆಯುತ್ತದೆಂದು ಒಮ್ಮೆ ನೋಡಿ. 40,000ದ ಬಿಲ್ಲು ಬಂತು, ‘ಮಿನಿಮಮ್ ಡ್ಯೂ’ 2,000 ಕಟ್ಟಿದಿರಿ. ಉಳಿದ 38,000ಕ್ಕೆ ತಿಂಗಳಿಗೆ ಶೇ 3.5ರಂತೆ ಬಡ್ಡಿ 1,330, ಅದರ ಮೇಲೆ ಜಿಎಸ್‌ಟಿ 239. ಮುಂದಿನ ತಿಂಗಳು ಮತ್ತೆ 2,000 ಕಟ್ಟಿದರೆ ಅದರಲ್ಲಿ 1,569 ಬಡ್ಡಿ, ತೆರಿಗೆಗೇ ಹೋಗಿ, ಸಾಲ ಇಳಿಯುವುದು ಕೇವಲ 431. ಜೊತೆಗೆ ಬಾಕಿ ಇರುವ ತನಕ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ. 45 ದಿನದ ವಿನಾಯಿತಿ ಇರುವುದಿಲ್ಲ. ಊರಿನದು ಮೂರು ರೂಪಾಯಿಯ ಬಡ್ಡಿಯಾದರೆ ಇದು ಮೂರೂವರೆ ರೂಪಾಯಿಯ ಬಡ್ಡಿ. ಅಪ್ಪ ತೆಗೆದುಕೊಂಡದ್ದು ನೀರಿಗಾಗಿ ಎಂಬುದಷ್ಟೇ ವ್ಯತ್ಯಾಸ.

ದೊಡ್ಡಪ್ಪನ ಮಗ ತಂದಿರುವ ಅರ್ಜಿಯನ್ನು ಮಡಚಿಡಿ. ‘ಟ್ಯಾಕ್ಸ್ ಉಳಿಯುತ್ತೆ’ ಎಂದರೆ, ನಿಮಗೆ ತೆರಿಗೆಯೇ ಇಲ್ಲ. ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ 75,000 ಪ್ರಮಾಣಿತ ಕಡಿತ ಸೇರಿ 12.75 ಲಕ್ಷದವರೆಗಿನ ಸಂಬಳಕ್ಕೆ ಆದಾಯ ತೆರಿಗೆ ಬರುವುದಿಲ್ಲ. ಇಲ್ಲದ ತೆರಿಗೆಯನ್ನು ಉಳಿಸಲಾಗದು. ‘ಉಳಿತಾಯ ಆಗುತ್ತೆ’ ಎಂದರೆ ಲೆಕ್ಕ ಇಲ್ಲಿದೆ. ವರ್ಷಕ್ಕೆ 60,000ದಂತೆ 20 ವರ್ಷ ಕಟ್ಟಿದರೆ 12 ಲಕ್ಷ. ಇಂಥ ಎಂಡೋಮೆಂಟ್ (ವಿಮೆ, ಉಳಿತಾಯ ಎರಡೂ ಸೇರಿದ) ಪಾಲಿಸಿಗಳಲ್ಲಿ ವಾಸ್ತವದಲ್ಲಿ ಸಿಗುವ ಗಳಿಕೆ ಶೇ 5ರಿಂದ 6ರ ಸುತ್ತ. ಶೇ 5.5 ಎಂದರೆ ಕೊನೆಗೆ ಸುಮಾರು 22 ಲಕ್ಷ. ಅದೇ ಹಣ ಶೇ 7.1ರ ಪಿಪಿಎಫ್‌ನಲ್ಲಿದ್ದರೆ (ಸರ್ಕಾರದ ಸಾರ್ವಜನಿಕ ಭವಿಷ್ಯ ನಿಧಿ) ಸುಮಾರು 26.6 ಲಕ್ಷ. ಇನ್ನು ರಕ್ಷಣೆ: ಇಂಥ ಪಾಲಿಸಿಯಲ್ಲಿ ವಿಮಾ ಮೊತ್ತ ವಾರ್ಷಿಕ ಕಂತಿನ ಹತ್ತು ಪಟ್ಟಿನಷ್ಟೇ, ಅಂದರೆ 6 ಲಕ್ಷದ ಸುತ್ತ, ಇರಬಹುದು. ನಿಮ್ಮ ವಯಸ್ಸಿಗೆ 50 ಲಕ್ಷದ ಟರ್ಮ್ ಪಾಲಿಸಿ (ಉಳಿತಾಯವಿಲ್ಲದ, ಬರೀ ಜೀವ ವಿಮೆ) ವರ್ಷಕ್ಕೆ ಐದಾರು ಸಾವಿರದ ಆಸುಪಾಸಿಗೆ ಸಿಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ಮತ್ತು ಆರೋಗ್ಯ ವಿಮೆಯ ಕಂತಿಗೆ ಜಿಎಸ್‌ಟಿಯೂ ಇಲ್ಲ. ಕೆಲಸ ಕಾಯಂ ಆದ ಮೇಲೆ ಅದನ್ನು ತೆಗೆದುಕೊಳ್ಳಿ, ಬೇಕಾದರೆ ಅವರ ಕೈಯಲ್ಲೇ ಮಾಡಿಸಿ. ‘ಅಣ್ಣ, ಆರು ತಿಂಗಳು ಯಾವುದಕ್ಕೂ ಸಹಿ ಹಾಕಬಾರದು ಅಂತ ಇದೀನಿ, ಆಮೇಲೆ ಟರ್ಮ್ ಪಾಲಿಸಿ ನಿಮ್ಮ ಹತ್ತಿರಾನೇ ಮಾಡಿಸ್ತೀನಿ’ ಎಂದರೆ ಸಂಬಂಧಕ್ಕೂ ಪೆಟ್ಟಿಲ್ಲ. ಒತ್ತಾಯಕ್ಕೆ ಈಗಾಗಲೇ ಸಹಿ ಹಾಕಿಬಿಟ್ಟಿದ್ದರೆ, ಪಾಲಿಸಿ ಪತ್ರ ಕೈಗೆ ಬಂದ 30 ದಿನದೊಳಗೆ ‘ಫ್ರೀ ಲುಕ್’ ಅವಧಿಯಲ್ಲಿ ರದ್ದು ಮಾಡಿಸಬಹುದು, ಅಲ್ಪ ಕಡಿತ ಬಿಟ್ಟು ಹಣ ವಾಪಸು ಬರುತ್ತದೆ.

ಅಮ್ಮನ ಚೀಟಿಯ ವಿಷಯ. ಚೀಟಿ ಕೆಟ್ಟದ್ದಲ್ಲ, ನಮ್ಮ ಹೆಂಗಸರು ಒಡವೆ ಮಾಡಿಸಿದ್ದು, ಮಕ್ಕಳನ್ನು ಓದಿಸಿದ್ದು ಅದರಿಂದಲೇ. 20 ಜನ, ತಿಂಗಳಿಗೆ 5,000, ಒಟ್ಟು 1 ಲಕ್ಷದ ಚೀಟಿ ಎಂದುಕೊಳ್ಳಿ. ಒಬ್ಬರು 25,000 ಬಿಟ್ಟು ಕೂಗಿದರೆ ಅವರಿಗೆ 75,000 ಸಿಗುತ್ತದೆ. ಬಿಟ್ಟ ಹಣದಲ್ಲಿ ನಡೆಸುವವರ ಕಮಿಷನ್ ಶೇ 5, ಅಂದರೆ 5,000 ಕಳೆದು, ಉಳಿದ 20,000 ಇಪ್ಪತ್ತು ಜನಕ್ಕೆ ಹಂಚಿ ತಲಾ 1,000. ಆ ತಿಂಗಳು ಕಟ್ಟಬೇಕಾದದ್ದು 4,000. ಮೊದಲು ಎತ್ತಿದವರಿಗೆ ಅದು ಸಾಲ, ಕೊನೆಗೆ ಎತ್ತುವವರಿಗೆ ಉಳಿತಾಯ. ಅಪಾಯ ಪೂರ್ತಿ ಕೊನೆಯವರದೇ, ಏಕೆಂದರೆ ನಡೆಸುವವರು ಊರು ಬಿಟ್ಟರೆ ಕಳೆದುಕೊಳ್ಳುವುದು ಇನ್ನೂ ಎತ್ತದಿರುವವರು. 1982ರ ಚಿಟ್ ಫಂಡ್ ಕಾಯ್ದೆಯಡಿ ಚೀಟಿ ಶುರುಮಾಡುವ ಮೊದಲೇ ರಿಜಿಸ್ಟ್ರಾರ್ ಅನುಮತಿ ಬೇಕು, ಕಮಿಷನ್ ಶೇ 7 ಮೀರುವಂತಿಲ್ಲ. ಪಕ್ಕದ ಬೀದಿಯ ಚೀಟಿಯಲ್ಲಿ ಇದ್ಯಾವುದೂ ಇರುವುದಿಲ್ಲ. ಮುಂದೆ ಚೀಟಿಯೇ ಬೇಕೆಂದರೆ ರಾಜ್ಯ ಸರ್ಕಾರದ ಎಂಎಸ್‌ಐಎಲ್‌ನ ಚೀಟಿ ಇದೆ, ಅದೂ ಮನೆಯ ಸಾಲ ತೀರಿದ ಮೇಲೆ.

ಆಫೀಸಿನಲ್ಲಿ ಷೇರುಪೇಟೆಯಲ್ಲಿ ಆಪ್ಷನ್ ಟ್ರೇಡಿಂಗ್ ಮಾಡಿ ಒಂದೇ ದಿನ ಐದು ಸಾವಿರ ದುಡಿದೆ ಎನ್ನುವವರೂ ಸಿಗುತ್ತಾರೆ. ಷೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅದಕ್ಕೆ ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಇಂಥ ವಹಿವಾಟು ಮಾಡಿದ ವ್ಯಕ್ತಿಗಳಲ್ಲಿ ಶೇ 93 ಮಂದಿ ನಷ್ಟ ಮಾಡಿಕೊಂಡಿದ್ದಾರೆ, ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಹೆಚ್ಚು. ಆ ಕಡೆ ಹೋಗಲೇಬೇಡಿ.

ಒಂದು ವಿಷಯ ನಿಮ್ಮ ಪತ್ರದಲ್ಲಿಲ್ಲ, ಆದರೆ ನಿಮ್ಮ ಮನೆಯಂಥ ಮನೆಗಳನ್ನು ಮತ್ತೆ ಮೂರು ರೂಪಾಯಿ ಬಡ್ಡಿಗೆ ತಳ್ಳುವುದು ಅದೇ: ಆಸ್ಪತ್ರೆ ಖರ್ಚು. ಕಂಪನಿಯ ಗುಂಪು ವಿಮೆಗೆ ಅಪ್ಪ, ಅಮ್ಮನನ್ನು ಸೇರಿಸಲು ಬರುತ್ತದೆಯೇ ಎಂದು ಎಚ್‌ಆರ್ ಅವರಿಗೆ ಇಮೇಲ್ ಮಾಡಿ ಕೇಳಿ. ಎಷ್ಟೋ ಕಡೆ ಸೇರಿದ 30 ದಿನದೊಳಗೆ ಅಥವಾ ವರ್ಷದ ನವೀಕರಣದಲ್ಲಿ ಮಾತ್ರ ಅವಕಾಶ. ಮನೆಯಲ್ಲಿ ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಕಾರ್ಡ್ ಮಾಡಿಸಿಡಿ. ಅಪ್ಪ ಸೊಸೈಟಿಯ ಇಲ್ಲವೇ ಹಾಲಿನ ಡೇರಿಯ ಸದಸ್ಯರಾಗಿದ್ದರೆ ಯಶಸ್ವಿನಿ ಯೋಜನೆ ವಿಚಾರಿಸಿ. ಅದಕ್ಕೆ ಹೆಸರು ನೋಂದಾಯಿಸುವುದು ವರ್ಷದಲ್ಲಿ ಕೆಲವೇ ತಿಂಗಳು, ಸಂಘದ ಕಾರ್ಯದರ್ಶಿಗೆ ದಿನಾಂಕ ಗೊತ್ತಿರುತ್ತದೆ.

ಹನ್ನೊಂದು ತಿಂಗಳ ನಂತರ ಮನೆಯ ಸಾಲ ತೀರಿ, ಅಮ್ಮನ ಒಡವೆ ಬ್ಯಾಂಕಿನಿಂದ ಮನೆಗೆ ಬಂದಿರುತ್ತದೆ. ಆ ದಿನ ನೀವೇ ಹೋಗಿ ಬಿಡಿಸಿಕೊಂಡು ಬನ್ನಿ. ರಸೀದಿಯ ತೂಕವನ್ನು ಕೌಂಟರಿನಲ್ಲೇ ತಾಳೆ ನೋಡಿ. ಆಗ ಬಿಡುವಾಗುವ 10,000ದಲ್ಲಿ 5,000 ಮನೆ ಖರ್ಚಿಗೆ ಎಂದು ಅಪ್ಪನಿಗೆ ತಿಂಗಳ ಐದನೇ ತಾರೀಖು ತಪ್ಪದೆ ಹೋಗಲಿ. ಅಷ್ಟರಲ್ಲಿ ಓದಿನ ಸಾಲದ ಕಂತು ಶುರುವಾಗಿರುತ್ತದೆ. ಬಡ್ಡಿಗೆಂದು ಕಟ್ಟುತ್ತಿದ್ದ 2,500ಕ್ಕೆ ಇನ್ನೊಂದು 2,500 ಸೇರಿಸಿದರೆ ಅದು ಸರಿಹೋಗುತ್ತದೆ. ಮಿಕ್ಕ 2,500 ಫೋನಿಗೆ. ಆರ್‌ಡಿ ಮುಗಿದ ಮೇಲೆ ಅದರ 3,000ವನ್ನೂ ಇದಕ್ಕೇ ಸೇರಿಸಿ, ವೇರಿಯಬಲ್ ಹಣ ಬಂದರೆ ಅದನ್ನೂ ಕೂಡಿಸಿದರೆ ದೀಪಾವಳಿಯ ಹೊತ್ತಿಗೋ ಯುಗಾದಿಗೋ ಪೂರ್ತಿ ಹಣ ಕೊಟ್ಟು ತೆಗೆದುಕೊಳ್ಳಬಹುದು. ಆಗ ಅಂಗಡಿಯವರಿಗೆ ಇಎಂಐ ದರ ಕೇಳಬೇಡಿ, ನಗದು ದರ ಕೇಳಿ. ಬಿಲ್ಲು ನಿಮ್ಮ ಹೆಸರಿನಲ್ಲಿರಲಿ, ಅದರಲ್ಲಿ ಐಎಂಇಐ ಸಂಖ್ಯೆ ನಮೂದಾಗಿದೆಯೇ ನೋಡಿಕೊಳ್ಳಿ.